ಒಂದು ಸರ, ಹನ್ನೆರಡು ಮಣಿ

ಪಿಂಚಣಿ ಅರ್ಜಿ ಹಿಡಿದುಕೊಂಡು ಪಂಚಾಯಿತಿ ಆಫೀಸಿಗೆ ಬರುವ ಮುದುಕರಿಗೂ ನನಗೂ ಆರು ವರ್ಷದಿಂದ ಒಂದೇ ಜಗಳ. ನಾನು ಹುಟ್ಟಿದ ತಾರೀಖು ಕೇಳುತ್ತೇನೆ. ಅವರು ಡ್ಯಾಮಿನ ನೀರು ಏರಿ ಗದ್ದೆ ಮುಳುಗಿದ ವರ್ಷ ಎನ್ನುತ್ತಾರೆ, ಇಲ್ಲವೇ ದೊಡ್ಡಣ್ಣನ ಮದುವೆಯಾದ ಮಾರನೇ ಮಳೆಗಾಲ ಎನ್ನುತ್ತಾರೆ. ಕಂಪ್ಯೂಟರಿಗೆ ಅಂಕಿ ಬೇಕು, ಕಥೆ ಬೇಡ ಎಂದು ನಾನು ರೇಗುತ್ತೇನೆ. ನರಸಿಂಹರಾಜಪುರದ ಆಸುಪಾಸಿನಲ್ಲಿ ದಾಕ್ಷಾಯಿಣಿ ಮೇಡಂ ಬಾಯಿಗೆ ಹೆದರಿ ಆಧಾರ್ ಕಾರ್ಡನ್ನು ಮರೆಯದೆ ತರುವವರು ಬಹಳ ಜನ ಇದ್ದಾರೆ. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅಂಥ ನನ್ನನ್ನು ಕೊಪ್ಪದ ಮಕ್ಕಳ ಡಾಕ್ಟರು ಒಂದೇ ಒಂದು ಅಂಕಿ ಕೇಳಿದರು. ಮಗುವಿನ ಕೈಕಾಲು ಎಷ್ಟು ನಿಮಿಷ ಅದುರಿತು? ನನ್ನ ಹತ್ತಿರ ಅದು ಇರಲಿಲ್ಲ.

ಅಂದು ಬೆಳಿಗ್ಗೆ ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಈಗಲೂ ನನ್ನ ತಲೆಯಲ್ಲಿ ಸರಿಯಾಗಿ ಕೂತಿಲ್ಲ. ಆದರೂ ಹೇಳುತ್ತೇನೆ.

ನನ್ನ ಮಗಳು ಗಾನವಿಗೆ ಇಪ್ಪತ್ತು ತಿಂಗಳು. ಹಿಂದಿನ ದಿನ ಸಂಜೆಯಿಂದ ಮೂಗು ಸೋರುತ್ತಿತ್ತು, ಅಷ್ಟೆ. ಬೆಳಿಗ್ಗೆ ಮುಟ್ಟಿದರೆ ಮೈ ಬಿಸಿ. ಹಾಲ್‌ನ ಚಾಪೆಯ ಮೇಲೆ ಕೂರಿಸಿ, ಜ್ವರದ ಸಿರಪ್ಪು ಮತ್ತು ಒಂದು ಸ್ಟೀಲ್ ಚಮಚ ತರಲು ಒಳಗೆ ಹೋದೆ. ಗಂಡ ಪ್ರಸನ್ನಕುಮಾರ್ ಅಂಗಳದಲ್ಲಿ ಯಾರದೋ ಕಳೆ ಕೊಚ್ಚುವ ಮೆಷಿನ್ ಬಿಚ್ಚಿ ಹಾಕಿಕೊಂಡಿದ್ದರು. ಅವರದು ಅದೇ ರಿಪೇರಿ ಅಂಗಡಿ. ಹಾಲ್‌ನ ಮೂಲೆಯಲ್ಲಿ ಅತ್ತೆ ವೀರಬಸಮ್ಮ ದಿನದಂತೆ ಲಿಂಗಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ, ಬಲಗೈಯಲ್ಲಿ ರುದ್ರಾಕ್ಷಿ ಸರ, ತುಟಿ ಮಾತ್ರ ಅಲ್ಲಾಡುತ್ತದೆ. ಜಪ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಕಟ್ಟಿಕೊಳ್ಳುವ ತನಕ ಅವರು ಏಳುವುದಿಲ್ಲ. ಮಂಡಿನೋವಿಗೆ ಬೇಗ ಏಳಲಿಕ್ಕೂ ಆಗುವುದಿಲ್ಲ.

ನಾನು ಚಮಚ ಹಿಡಿದುಕೊಂಡು ಬರುವಾಗ ಗಾನವಿ ಚಾಪೆಯ ಮೇಲೆ ಹಿಂದಕ್ಕೆ ಬಿದ್ದಿದ್ದಳು. ಮೈ ಸೆಟೆದಿತ್ತು. ಕಣ್ಣುಗುಡ್ಡೆ ಮೇಲೆ ಹೋಗಿ ಬರೀ ಬಿಳಿ ಕಾಣುತ್ತಿತ್ತು. ಆಮೇಲೆ ಕೈಕಾಲು ಅದುರಲು ಶುರುವಾಯಿತು. ನಾನು ಕಿರುಚಿದ್ದಕ್ಕೆ ಪ್ರಸನ್ನ ಒಳಗೆ ಬಂದು ನೋಡಿ, ಸೋಮನಾಥನ ಓಮ್ನಿ ಕರೆಸುತ್ತೇನೆ ಎಂದು ಫೋನ್ ಹಿಡಿದು ಗೇಟಿಗೆ ಓಡಿದರು. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ, ಗೇಟಿನ ಹತ್ತಿರವೇ ಸಿಗುವುದು.

ಮಿಕ್ಕ ಹೊತ್ತು ಆ ಹಾಲ್‌ನಲ್ಲಿ ಇದ್ದದ್ದು ನಾನು, ಮಗು ಮತ್ತು ಅತ್ತೆ. ಅತ್ತೆ ಏಳಲಿಲ್ಲ. ತುಟಿ ಅಲ್ಲಾಡುತ್ತಲೇ ಇತ್ತು.

ಆಗ ನಾನು ಎರಡು ಕೆಲಸ ಮಾಡಿದೆ, ಎರಡೂ ಮಾಡಬಾರದವು. ಮಗು ನಾಲಿಗೆ ಕಚ್ಚಿಕೊಳ್ಳುತ್ತದೆ, ನುಂಗಿಕೊಂಡರೂ ನುಂಗಿಕೊಂಡೀತು ಎಂದು ಎಲ್ಲೋ ಕೇಳಿದ್ದು ತಲೆಗೆ ಬಂತು. ಕೈಯಲ್ಲಿದ್ದ ಚಮಚದ ಹಿಡಿಯನ್ನು ಹಲ್ಲಿನ ನಡುವೆ ತುರುಕಿದೆ. ಹೋಗಲಿಲ್ಲ. ಬಲವಾಗಿ ತುರುಕಿದೆ. ರಕ್ತ ಬಂತು. ರಕ್ತ ಕಂಡದ್ದೇ ನನಗೆ ಹುಚ್ಚು ಹಿಡಿದಂತಾಗಿ ಅತ್ತೆಯ ಕಡೆ ತಿರುಗಿದೆ. "ಆ ಕಲ್ಲು ಹಿಡ್ಕೊಂಡು ಕೂತಿದೀರಲ್ಲ, ನೀವು ಮನುಷ್ಯರಾ?" ಎಂದೆ.

ಹಾಗೆಂದೆ. ನನ್ನ ಕೊರಳಲ್ಲೂ ಲಿಂಗವಿದೆ.

ಪ್ರಸನ್ನ ವಾಪಸು ಬರುವಷ್ಟರಲ್ಲಿ ಚಮಚ ಸೋಫಾದ ಕೆಳಗೆ ಸೇರಿತ್ತು. ಅದನ್ನು ನಾನೇ ಕಾಲಲ್ಲಿ ತಳ್ಳಿದ್ದೆ. ಬಾಯಲ್ಲೇನು ರಕ್ತ ಎಂದು ಅವರು ಕೇಳಿದ್ದಕ್ಕೆ ನಾಲಿಗೆ ಕಚ್ಚಿಕೊಂಡಳು ಎಂದೆ. ಯಾಕೆ ಹಾಗೆಂದೆ ಎನ್ನುವುದಕ್ಕೆ ಒಂದು ಹಿಂದಿನ ಕಥೆ ಇದೆ. ಗಾನವಿಗೆ ಏಳು ತಿಂಗಳಾಗಿದ್ದಾಗ ಅತ್ತೆ ಬಜೆ ಬೇರು ತೇಯ್ದು ಅವಳ ನಾಲಿಗೆಗೆ ಮುಟ್ಟಿಸಿದ್ದರು. ಅವತ್ತು ನಾನು ಮನೆ ಹಂಚು ಹಾರಿಹೋಗುವ ಹಾಗೆ ಕೂಗಾಡಿ, ಮಗುವಿನ ಬಾಯಿಗೆ ನನ್ನನ್ನು ಕೇಳದೆ ಏನೂ ಹಾಕಬಾರದು, ಮೈ ಹುಷಾರಿಲ್ಲದಾಗಂತೂ ನೀವು ಮಗುವಿಗೆ ಕೈ ಹಾಕಲೇಬೇಡಿ ಎಂದು ಅಪ್ಪಣೆ ಹೊರಡಿಸಿದ್ದೆ. ಅಂದಿನಿಂದ ಅತ್ತೆ ಬಾಳೆಹಣ್ಣಿನ ಚೂರನ್ನೂ ನನಗೆ ತೋರಿಸಿಯೇ ಮಗುವಿಗೆ ಕೊಡುತ್ತಾರೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಅದು ನಾನೇ.

ಓಮ್ನಿ ಬಂದಾಗ ಗಾನವಿ ಅದುರುತ್ತಿರಲಿಲ್ಲ. ಕರೆದರೆ ಕಣ್ಣೂ ಬಿಡುತ್ತಿರಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಜ್ವರ ನೋಡಿ ಔಷಧ ಕೊಟ್ಟರು. ಅರ್ಧ ಗಂಟೆಯಲ್ಲಿ ಅವಳು ಎದ್ದು ಅತ್ತಳು. ಆ ಅಳು ಕೇಳಿದ ಮೇಲೆಯೇ ನಾನು ಬೆಂಚಿನ ಮೇಲೆ ಕೂತದ್ದು. ಫಿಟ್ಸ್ ಎಷ್ಟು ಹೊತ್ತು ಬಂದಿತ್ತು ಎಂದು ಅಲ್ಲಿನವರು ಕೇಳಿದಾಗ ಪ್ರಸನ್ನ ಫೋನ್ ತೆಗೆದು ತೋರಿಸಿದರು. ಸೋಮನಾಥನಿಗೆ ಕರೆ ಮಾಡಿದ್ದು ಏಳು ಐವತ್ತೆರಡು. ತಿರುವಿಗೆ ಬಂದೆ, ಮಗುವನ್ನು ಎತ್ತಿಕೊಂಡು ಬಾ ಎಂದು ಅವನು ಗೇಟಿನಲ್ಲೇ ಕಾಯುತ್ತಿದ್ದ ಇವರಿಗೆ ಕರೆ ಮಾಡಿದ್ದು ಎಂಟು ಎಂಟು. ಹದಿನಾರು ನಿಮಿಷ. ನಾಲಿಗೆ ಕಚ್ಚಿಕೊಂಡಳು ಎಂದು ನಾನೂ ಸೇರಿಸಿದೆ. ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು, ಕೊಪ್ಪಕ್ಕೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿ ಎಂದರು.

ಕೊಪ್ಪದ ದಾರಿಯುದ್ದಕ್ಕೂ ತಲೆಗೊಂದು ಮಾತು. ಸೋಮನಾಥ ಸ್ಟೇರಿಂಗ್ ತಿರುಗಿಸುತ್ತಲೇ, ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟಿದ್ದರೆ ಥಟ್ಟನೆ ನಿಲ್ಲುತ್ತಿತ್ತು ಎಂದ. ಕೊಪ್ಪದ ಹತ್ತಿರದ ನಾರ್ವೆ ಊರಿನಲ್ಲಿರುವ ಅವನ ಅಕ್ಕನ ಮಗುವಿಗೆ ಹಾಗೇ ನಿಂತಿತಂತೆ. ಪ್ರಸನ್ನ ಭಾನುವಾರದ ಐಸ್‌ಕ್ರೀಮಿನ ಮೇಲೆ ತಪ್ಪು ಹೊರಿಸಿದರು. ಅದನ್ನು ಕೊಡಿಸಿದ್ದು ಅವರೇ. ನನ್ನ ತಂಗಿ ವಾಟ್ಸಾಪಿನಲ್ಲಿ ಒದ್ದೆ ಬಟ್ಟೆ ಸುತ್ತು ಎಂದು ಕಳಿಸಿದಳು. ಅದರ ಕೆಳಗೇ ಆಫೀಸಿನ ಸೀತಕ್ಕ ಒದ್ದೆ ಬಟ್ಟೆ ಮಾತ್ರ ಸುತ್ತಬೇಡ ಎಂದು ಕಳಿಸಿದ್ದರು. ಜ್ವರದಿಂದ ಬರುವುದು ಏನೂ ಅಲ್ಲ ಎಂದು ಒಬ್ಬರು, ಅದು ಮೂರ್ಛೆರೋಗದ ಶುರು, ಹೆಣ್ಣುಮಗು ಬೇರೆ ಎಂದು ಇನ್ನೊಬ್ಬರು. ಸಿರಪ್ಪು ರಾತ್ರಿಯೇ ಕೊಟ್ಟಿದ್ದರೆ ಬರುತ್ತಿರಲಿಲ್ಲವೇ ಎಂದು ನನಗೆ ನಾನೇ ಕೇಳಿಕೊಂಡೆ. ಯಾವುದನ್ನು ನಂಬಬೇಕು ಎಂಬುದೇ ತಿಳಿಯದೆ ಫೋನನ್ನು ಮಗುಚಿ ಇಟ್ಟೆ.

ಅತ್ತೆ ಮಾತ್ರ ಹಿಂದಿನ ಸೀಟಿನಲ್ಲಿ ಮಗುವಿನ ಒಂದು ಕಾಲುಚೀಲ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. ನಾನು ಅವರನ್ನು ಬನ್ನಿ ಎಂದಿರಲಿಲ್ಲ. ಹಣೆಯ ವಿಭೂತಿಯಲ್ಲೇ ಬಂದು ಹತ್ತಿದ್ದರು. ಮುಖ ನೋಡಿದರೆ ಸಿಟ್ಟು ಬರುತ್ತಿತ್ತು, ನೋಡದಿದ್ದರೆ ಹೆದರಿಕೆಯಾಗುತ್ತಿತ್ತು. ಅವರಿಗೆ ಚಮಚ ಕಂಡಿತ್ತೋ ಇಲ್ಲವೋ ಗೊತ್ತಿರಲಿಲ್ಲ.

ಡಾಕ್ಟರ ಹೆಸರು ಪವಿತ್ರಾ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಗಾನವಿಯ ಗಂಟಲು, ಕಿವಿ ನೋಡಿದರು. ಕುತ್ತಿಗೆ ಬಗ್ಗಿಸಿ ನೋಡಿದರು. ಗಾನವಿ ಅವರ ಸ್ಟೆತಸ್ಕೋಪಿನ ಕೊಳವೆ ಎಳೆದು ನಕ್ಕಳು. ಗಂಟಲು ಕೆಂಪಾಗಿದೆ, ಜ್ವರಕ್ಕೆ ಕಾರಣ ಅದೇ, ಮಗು ಲವಲವಿಕೆಯಿಂದಲೇ ಇದೆ ಎಂದರು. ಆಮೇಲೆ ಹಿಂದಿನ ಆಸ್ಪತ್ರೆಯ ಚೀಟಿ ಓದಿದರು. ಮತ್ತೆ ಗಾನವಿಯ ಬಾಯಿ ತೆರೆಸಿ ಟಾರ್ಚು ಬಿಟ್ಟರು. ನಾಲಿಗೆಯಲ್ಲಿ ಗಾಯವೇ ಇಲ್ಲವಲ್ಲ, ವಸಡು ಮುಂದುಗಡೆ ಹರಿದಿದೆ, ಇದು ಹೇಗಾಯಿತು ಎಂದರು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡೆ.

ಅವರು ನಿಧಾನವಾಗಿ ವಿವರಿಸಿದರು. ಆರು ತಿಂಗಳಿಂದ ಐದಾರು ವರ್ಷದ ತನಕ ಕೆಲವು ಮಕ್ಕಳಿಗೆ ಜ್ವರ ಏರುವಾಗ ಹೀಗೆ ಬರುತ್ತದೆ. ಮೈಯೆಲ್ಲ ಅದುರಿ, ಕೆಲವೇ ನಿಮಿಷದಲ್ಲಿ ತಾನಾಗಿ ನಿಂತು, ಮಗು ಮೊದಲಿನಂತಾದರೆ ಹೆದರುವಂಥದ್ದಲ್ಲ, ಮಿದುಳಿಗೇನೂ ತೊಂದರೆಯಿಲ್ಲ. ಹದಿನೈದು ನಿಮಿಷ ದಾಟಿದರೆ ಮಾತ್ರ ಲೆಕ್ಕ ಬೇರೆ. ಆಗ ಶಿವಮೊಗ್ಗಕ್ಕೆ ಕಳಿಸಿ ಪರೀಕ್ಷೆ ಮಾಡಿಸಬೇಕಾಗುತ್ತದೆ, ದಿನಾ ಮಾತ್ರೆ ಬೇಕೇ ಎಂದು ಯೋಚಿಸಬೇಕಾಗುತ್ತದೆ.

"ನಾಲ್ಕು ನಿಮಿಷವೇ ಬೇರೆ, ಹದಿನಾರು ನಿಮಿಷವೇ ಬೇರೆ" ಎಂದರು. "ಕೈಕಾಲು ಅದುರೋದು ನಿಂತದ್ದು ಯಾವಾಗ? ಸರಿಯಾಗಿ ನೆನಪು ಮಾಡಿಕೊಂಡು ಹೇಳಿ."

ಪ್ರಸನ್ನ ಮತ್ತೆ ಫೋನ್ ಮುಂದೆ ಹಿಡಿದರು. ನೀವು ಎತ್ತಿಕೊಂಡಾಗ ಅದುರುತ್ತಿತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದಳು ಎಂದರು. ಹಾಗಾದರೆ ಅದಕ್ಕೂ ಮುಂಚೆಯೇ ನಿಂತಿರಬೇಕು, ಆಮೇಲಿನದು ನಿದ್ದೆ, ಎಷ್ಟು ಮುಂಚೆ ಎಂದು ಬೇಕಲ್ಲ ಎಂದು ಡಾಕ್ಟರು. ಹೊರಗೆ ನಿಂತಿದ್ದ ಸೋಮನಾಥನನ್ನು ಕರೆಸಿ ಕೇಳಿದರೆ, ತಾನು ಬಂದಾಗ ಪ್ರಜ್ಞೆಯೇ ಇರಲಿಲ್ಲ ಎಂದು ಇನ್ನಷ್ಟು ಗಲಿಬಿಲಿ ಮಾಡಿ ಹೋದ. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಪಕ್ಕದಲ್ಲೇ ಇದ್ದವಳು. ಎರಡು ನಿಮಿಷ ಎಂದರೂ ಸುಳ್ಳು, ಅರ್ಧ ಗಂಟೆ ಎಂದರೂ ಸುಳ್ಳು. ಗದ್ದೆ ಮುಳುಗಿದ ವರ್ಷ ಎನ್ನುವ ಮುದುಕರಿಗೆ ಅಷ್ಟಾದರೂ ಗೊತ್ತಿರುತ್ತದೆ. ನನಗೆ ಅದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಮೇಡಂ ಎಂದೆ. ಡಾಕ್ಟರು ಪೆನ್ನು ಎತ್ತಿಕೊಂಡು ಶಿವಮೊಗ್ಗಕ್ಕೆ ಪತ್ರ ಬರೆಯಲು ಹಾಳೆ ಎಳೆದುಕೊಂಡರು.

ಆಗ ಬಾಗಿಲ ಪಕ್ಕದ ಸ್ಟೂಲಿನಿಂದ ಅತ್ತೆ ಮಾತಾಡಿದರು.

"ಒಂದು ಸರ ಮುಗ್ದು ಹನ್ನೆರಡು ಮಣಿ ಆಗಿತ್ತು ತಾಯಿ, ನಿಂತಾಗ."

ನನಗೆ ನಾಚಿಕೆಯಾಯಿತು. ಡಾಕ್ಟರು ನಿಮಿಷ ಕೇಳಿದರೆ ಇವರು ಮಣಿ ಹೇಳುತ್ತಿದ್ದಾರಲ್ಲ ಎನಿಸಿತು. ಸುಮ್ಮನಿರಿ ಅತ್ತೆ ಎನ್ನಲು ಬಾಯಿ ತೆರೆದೆ. ಆದರೆ ಡಾಕ್ಟರು ಪೆನ್ನು ಕೆಳಗಿಟ್ಟು, ಯಾವ ಸರ, ಹೇಗೆ ಎಂದು ಕೇಳಿದರು. ಮಗು ಬಿದ್ದದ್ದು ಕಂಡ ಕೂಡಲೇ ಅತ್ತೆ ನಡೆಯುತ್ತಿದ್ದ ಜಪ ಬಿಟ್ಟು, ಸರದ ಮೊದಲ ಮಣಿಯಿಂದ ಹೊಸದಾಗಿ ಹಿಡಿದರಂತೆ. ಮಣಿಗೊಂದು ನಮಃ ಶಿವಾಯ. ಅದು ಮಗುವಿನ ಹೆಸರಿನ ಸರ. ಎಷ್ಟಾಯಿತು ಎಂದು ಅವರು ಬೇಕೆಂದು ಎಣಿಸಿರಲಿಲ್ಲ, ಆದರೆ ಜಪ ಮಾಡುವವರಿಗೆ ಬೆರಳು ಎಲ್ಲಿದೆ ಎಂದು ಗೊತ್ತೇ ಇರುತ್ತದೆ ಎಂದರು. ನೂರೆಂಟು ಮುಗಿದು, ತಿರುಗಿ ಹನ್ನೆರಡನೆಯದಕ್ಕೆ ಬರುವಾಗ ಗಾನವಿಯ ಕೈಕಾಲು ನಿಂತು, ಅವಳು ದೊಡ್ಡದಾಗಿ ಉಸಿರು ಬಿಟ್ಟಳಂತೆ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಮ್ಮ ಕಥೆ.

ಡಾಕ್ಟರು ನಗಲಿಲ್ಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆದು ಮೇಜಿನ ಮೇಲಿಟ್ಟು, ಬೆಳಿಗ್ಗೆ ಹೇಳಿದ ಹಾಗೇ ಇಲ್ಲೊಮ್ಮೆ ಹೇಳಿ ಎಂದರು. ಅತ್ತೆ ಚೀಲದಿಂದ ಸರ ತೆಗೆದು ಕಣ್ಣಿಗೊತ್ತಿಕೊಂಡು ಶುರು ಮಾಡಿದರು. ಹೊರಗೆ ಯಾವುದೋ ಮಗು ಇಂಜೆಕ್ಷನ್‌ಗೆ ಅಳುತ್ತಿತ್ತು. ಒಳಗೆ ಆ ಸಣ್ಣ ದನಿ ಬಿಟ್ಟರೆ ಸದ್ದಿಲ್ಲ. ಪ್ರಸನ್ನ ಸ್ಟಾಪ್‌ವಾಚನ್ನೇ ನೋಡುತ್ತಿದ್ದರು. ನನಗೆ ನೋಡಲು ಧೈರ್ಯವಾಗದೆ ಮಗುವಿನ ನೆತ್ತಿ ನೋಡುತ್ತಿದ್ದೆ. ಹನ್ನೆರಡನೇ ಮಣಿಗೆ ಅತ್ತೆ ನಿಲ್ಲಿಸಿದಾಗ ನಾಲ್ಕು ನಿಮಿಷ ಹತ್ತು ಸೆಕೆಂಡು ಆಗಿತ್ತು.

ಹೆದರಿಕೆಯಲ್ಲಿ ಸ್ವಲ್ಪ ಬೇಗ ಹೇಳಿರಬಹುದು, ಸ್ವಲ್ಪ ತಡವಾಗಿ ಹೇಳಿರಬಹುದು, ಏನೇ ಆದರೂ ಇದು ಹದಿನಾರು ಆಗುವುದಿಲ್ಲ ಎಂದು ಡಾಕ್ಟರು ಆ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎರಡೂ ಕಡೆ ಅದುರಿತೇ ಎಂದು ಅತ್ತೆಯನ್ನೇ ಕೇಳಿದರು. ಈಗ ಅವರಿಗೆ ನಾವು ಯಾರೂ ಬೇಕಾಗಿರಲಿಲ್ಲ. ಅತ್ತೆ ಸರವನ್ನು ಬೆರಳಲ್ಲಿ ಸರಿಸುತ್ತಾ, ಇಲ್ಲಿಗೆ ಎರಡೂ ಕೈ, ಎರಡೂ ಕಾಲು, ಇಲ್ಲಿಗೆ ತುಟಿ ನೀಲಿ, ಇಲ್ಲಿಗೆ ಪ್ರಸನ್ನ ಹೊರಗೆ ಓಡಿದ ಎಂದು ತೋರಿಸುತ್ತಾ ಹೋದರು. ಇನ್ನೂ ಮುಂದಿನ ಒಂದು ಮಣಿಯ ಮೇಲೆ ಅವರ ಹೆಬ್ಬೆರಳು ನಿಂತಿತು. ನನ್ನ ಮುಖ ನೋಡಿದರು. ಮಣಿಯನ್ನು ಮಾತಿಲ್ಲದೆ ದಾಟಿಸಿದರು.

ಆಗ ನನಗೆ ಗೊತ್ತಾಯಿತು, ಅವರಿಗೆ ಎಲ್ಲ ಕಂಡಿತ್ತು.

"ರಕ್ತ ಯಾವಾಗ ಬಂತು ಅಜ್ಜಿ? ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಬೇಕು" ಎಂದು ಡಾಕ್ಟರು ಕೇಳಿದರು.

"ಅದು ನಂಗೆ..." ಎಂದು ಅತ್ತೆ ಸರದ ಕಡೆ ನೋಡಿದರು. "ಅದು ನಂಗೆ ಕಾಣ್ಲಿಲ್ಲ ತಾಯಿ."

ನಾನು ಈ ಮನೆಗೆ ಬಂದು ಎಂಟು ವರ್ಷ. ಸರ ಹಿಡಿದ ಕೈಯಲ್ಲಿ ಅತ್ತೆ ಅಂಗಡಿಯವನ ಹತ್ತಿರ ಚೌಕಾಸಿ ಸಹ ಮಾಡುವುದಿಲ್ಲ, ಬಾಯಿ ತಪ್ಪಿ ಸುಳ್ಳು ಬಂದೀತು ಎಂದು. ಪಕ್ಕದ ಮನೆಯವರು ಸಕ್ಕರೆ ಕೇಳಿ ಬಂದಾಗ, ಡಬ್ಬಿಯಲ್ಲಿ ಎರಡೇ ಚಮಚ ಇದ್ದರೂ ಇಲ್ಲ ಎನ್ನದೆ ಎರಡು ಚಮಚ ಇದೆ ಎನ್ನುವ ಹೆಂಗಸು. ಆ ಕೈಯಲ್ಲೇ ಈಗ ನನಗಾಗಿ ಸುಳ್ಳು ಹೇಳಿದರು. ನನ್ನ ತಪ್ಪನ್ನು ನಾನು ಹೊರಬಲ್ಲೆ, ಅವರ ಸುಳ್ಳನ್ನು ಹೊರಲಾರೆ ಎನಿಸಿತು.

"ಅತ್ತೆ, ಬೇಡ. ಚಮಚ ಹಾಕಿದ್ದು ನಾನು ಮೇಡಂ. ಹಲ್ಲಿನ ಸಂದಿಗೆ ತುರುಕಿದೆ. ನಾಲಿಗೆ ಕಚ್ಚಿಕೊಂಡದ್ದಲ್ಲ."

ಪ್ರಸನ್ನ ತಿರುಗಿ ನೋಡಿದ ನೋಟ ನನಗೆ ಈಗಲೂ ಮರೆತಿಲ್ಲ. ಡಾಕ್ಟರು ಮಾತ್ರ ಬೈಯಲಿಲ್ಲ. ಇಲ್ಲಿಗೆ ಬರುವ ಎಷ್ಟೋ ತಾಯಂದಿರು ಅದನ್ನೇ ಮಾಡಿರುತ್ತಾರೆ, ಹೇಳುವವರು ಕಡಿಮೆ ಎಂದು ಹಳೆಯ ಚೀಟಿಯ ಮೇಲೆ ಒಂದು ಗೆರೆ ಎಳೆದರು. ನಾಲಿಗೆಯನ್ನು ಯಾವ ಮಗುವೂ ನುಂಗಿಕೊಳ್ಳುವುದಿಲ್ಲ. ಚಮಚದಿಂದ ಹಲ್ಲು ಮುರಿದು ಉಸಿರಿನ ದಾರಿಗೆ ಹೋದರೆ ಅದೇ ಅಪಾಯ. ಮೂಗಿಗೆ ಈರುಳ್ಳಿ, ಕೈಗೆ ಬೀಗದ ಕೈ, ಬಾಯಿಗೆ ನೀರು, ಸಿರಪ್ಪು, ಆ ಹೊತ್ತಿನಲ್ಲಿ ಏನೂ ಬೇಡ. ಕೈಕಾಲು ಅದುಮಿ ಹಿಡಿಯುವುದೂ ಬೇಡ. ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಾಗುವಂಥದ್ದನ್ನು ದೂರ ಸರಿಸಿ, ಗಡಿಯಾರ ನೋಡಬೇಕು. ಐದು ನಿಮಿಷಕ್ಕೆ ನಿಲ್ಲದಿದ್ದರೆ, ನಿಂತ ಮೇಲೂ ಉಸಿರಾಟ ಸರಿಯಿಲ್ಲದಿದ್ದರೆ, ಅದೇ ದಿನ ಮತ್ತೆ ಬಂದರೆ ತಡಮಾಡದೆ ಆಸ್ಪತ್ರೆಗೆ.

ಮತ್ತೆ ಬರುತ್ತದೆಯೇ ಎಂದೆ. ಹೀಗಾದ ಮೂರು ಮಕ್ಕಳಲ್ಲಿ ಒಂದಕ್ಕೆ ಮತ್ತೆ ಬರುತ್ತದೆ ಎಂದರು. ಸಿರಪ್ಪು ಮೊದಲೇ ಕೊಟ್ಟರೆ ಬರುವುದಿಲ್ಲವೇ ಎಂದೆ. ಸಿರಪ್ಪು ಜ್ವರದ ಸಂಕಟಕ್ಕೆ, ಇದನ್ನು ತಡೆಯುತ್ತದೆ ಎಂದು ಯಾರೂ ಮಾತು ಕೊಡಲಾರರು ಎಂದರು. ಹಾಗಾದರೆ ರಾತ್ರಿ ಕೊಡದೇ ಇದ್ದದ್ದು ತಪ್ಪಲ್ಲ ಎಂದು ಒಂದು ಕಡೆ ಹಗುರ, ಕೊಟ್ಟರೂ ಬರಬಹುದು ಎಂದು ಇನ್ನೊಂದು ಕಡೆ ಭಾರ. ಹಾಗಾದರೆ ನಾನು ಮಾಡುವುದೇನು ಮೇಡಂ, ಸುಮ್ಮನೆ ನೋಡುತ್ತಾ ಕೂರುವುದೇ ಎಂದು ಕೇಳಿದೆ. ದನಿಯಲ್ಲಿ ಸಿಟ್ಟು ಇತ್ತೋ ಅಳು ಇತ್ತೋ.

"ಅದೇ ಎಲ್ಲಕ್ಕಿಂತ ಕಷ್ಟದ್ದು" ಎಂದರು ಡಾಕ್ಟರು. "ನಿಮ್ಮ ಮನೆಯಲ್ಲಿ ಒಬ್ಬರು ಅದನ್ನ ಮಾಡಿದಾರೆ." ಅತ್ತೆಯ ಕಡೆ ತಿರುಗಿ, ಮಗ್ಗುಲಿಗೆ ಮಲಗಿಸುವುದೊಂದನ್ನು ಕಲಿತುಕೊಳ್ಳಿ ಅಜ್ಜಿ, ಮಿಕ್ಕದ್ದು ನೀವು ಮಾಡಿದ್ದೇ ಸರಿ ಎಂದರು.

ಅತ್ತೆಗೆ ಆ ಹೊಗಳಿಕೆ ಅರ್ಥವಾಗಲಿಲ್ಲ.

"ನಂಗೇನು ಗೊತ್ತು ತಾಯಿ. ಹುಷಾರಿಲ್ದಾಗ ಮಗುಗೆ ಕೈ ಹಾಕ್ಬೇಡಿ ಅಂದಿದ್ಲು ಇವಳು. ಅದಕ್ಕೆ ಹಾಕ್ಲಿಲ್ಲ."

ಅದರಲ್ಲಿ ಚುಚ್ಚುಮಾತು ಏನೂ ಇರಲಿಲ್ಲ. ಚುಚ್ಚಿದ್ದರೆ ನಾನೂ ತಿರುಗಿ ಏನಾದರೂ ಹೇಳಿ ಹಗುರಾಗುತ್ತಿದ್ದೆ.

ವಾಪಸು ಬರುವಾಗ ಪ್ರಸನ್ನ ಮುಂದಿನ ಸೀಟಿನಲ್ಲಿ ಕೂತು, ಬೀಗದ ಕೈ ಯಾಕೆ ಬೇಡ ಎಂದು ಸೋಮನಾಥನಿಗೆ ವಿವರಿಸುತ್ತಿದ್ದರು. ಅವನು ಹೌದಾ ಮಾರಾಯ ಎನ್ನುತ್ತಾ, ಆದರೂ ಅಕ್ಕನ ಮಗುವಿಗೆ ನಿಂತಿತಲ್ಲ ಎಂದು ಮತ್ತೆ ಅಲ್ಲಿಗೇ ಬರುತ್ತಿದ್ದ. ನಾನು ಹಿಂದೆ ಅತ್ತೆಯ ಪಕ್ಕ ಕೂತಿದ್ದೆ. ಗಾನವಿಯನ್ನು ಅವರ ತೊಡೆಯ ಮೇಲೆ ಹಾಕಿದೆ. ಅವರು ನನ್ನ ಮುಖ ಒಮ್ಮೆ ನೋಡಿ, ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಇದು ಸರಿಯಾ ಎಂದು ಕೇಳಿದರು. ಸರಿ ಎಂದೆ.

ಕೇಳಬೇಕಾದದ್ದು ಬೇರೆ ಇತ್ತು. ಊರು ಹತ್ತಿರ ಬರುವ ತನಕ ಬಾಯಿಗೆ ಬರಲಿಲ್ಲ. ಬಾಯಿ ಜೋರಿನವಳಿಗೂ ಕೆಲವು ಮಾತು ಸಿಕ್ಕಿಕೊಳ್ಳುತ್ತವೆ. ಕೊನೆಗೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದೆ.

"ಅತ್ತೆ, ನಾನು ಆಗ ಒಂದು ಮಾತು ಅಂದೆನಲ್ಲ, ಕಲ್ಲು ಅಂತ. ಅದು ಎಷ್ಟನೇ ಮಣಿಗೆ?"

ಅವರು ಗಾನವಿಯ ಕಾಲಿಗೆ ಕಾಲುಚೀಲ ಹಾಕುತ್ತಿದ್ದರು. ಹಿಮ್ಮಡಿಗೆ ಸರಿಯಾಗಿ ಎಳೆದು ಮುಗಿಸಿದ ಮೇಲೆ ಹೇಳಿದರು.

"ಅದನ್ನ ಎಣಿಸ್ಲಿಲ್ಲ ಕಣೇ."